ಚೀಲಪ್ಪನೂ ಚಕ್ರದ ಪೆಟ್ಟಿಗೆಯೂ

ಚೀಲ ಹರಿದದ್ದು ಮೆಟ್ಟಿಲ ಮೇಲೆ. ಹರಿಯಲೇಬೇಕಿದ್ದರೆ ನೆಲಮಹಡಿಯಲ್ಲೇ ಹರಿಯಬಹುದಿತ್ತು, ಅಷ್ಟು ಸೌಜನ್ಯ ಅದಕ್ಕಿರಲಿಲ್ಲ. ಮೇಲಿನ ಮಹಡಿ ಇನ್ನೇನು ಬಂತು ಅನ್ನುವಾಗ ತಳ ಕಿತ್ತುಕೊಂಡಿತು. ರೆಂಚು, ಸ್ಪ್ಯಾನರು, ಇಕ್ಕಳ, ಗರಗಸಗಳೆಲ್ಲ ಒಂದನ್ನೊಂದು ಅಟ್ಟಿಸಿಕೊಂಡು ದಡಬಡನೆ ಕೆಳಗಿಳಿದವು. ಮಹಡಿ ಮಹಡಿಯ ಬಾಗಿಲುಗಳೂ ತೆರೆದುಕೊಂಡವು. ಒಬ್ಬ ಅಜ್ಜಿ ತನ್ನ ಬಾಗಿಲಿಗೆ ಬಂದು ನಿಂತ ಸುತ್ತಿಗೆಯನ್ನು ಎತ್ತಿ ನೋಡಿ, ಇದು ನಮ್ಮನೆಯದೇ, ಎಷ್ಟು ದಿನದಿಂದ ಹುಡುಕುತ್ತಿದ್ದೆ ಎಂದು ಒಳಗೆ ಒಯ್ದು ಚಿಲಕ ಹಾಕಿಕೊಂಡಳು. ಅವಳ ಜೊತೆ ವಾದ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ.

ಉಳಿದದ್ದನ್ನೆಲ್ಲ ಆಯ್ದು ಅಂಗಿಯ ಅಂಚಿನಲ್ಲಿ ತುಂಬಿಕೊಂಡವನು ಚೀಲಪ್ಪ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಈಗ ಅದನ್ನು ಅವನ ಹೆಂಡತಿಯೂ ಯೋಚನೆ ಮಾಡಿ ಹೇಳಬೇಕು. ಅವನ ಅಣ್ಣನನ್ನು ಮಾತ್ರ ಬೀದಿಯವರೆಲ್ಲ ದೊಡ್ಡ ಪ್ಲಂಬರ್ ಎಂದೇ ಕರೆಯುತ್ತಿದ್ದರು. ನಲ್ಲಿ ಸೋರಲಿ, ಪೈಪು ಕಟ್ಟಿಕೊಳ್ಳಲಿ, ದೊಡ್ಡ ಪ್ಲಂಬರ್ ಬರಬೇಕು; ಅವನ ಹಿಂದೆ ಚೀಲ ಹೊತ್ತು ಚೀಲಪ್ಪ ಬರಬೇಕು.

ಅವರ ಕೆಲಸದ ರೀತಿ ನೋಡುವಂತಿತ್ತು. ಅಣ್ಣ ಸಿಂಕಿನ ಕೆಳಗೆ ತೂರಿಕೊಂಡು ಮಲಗುತ್ತಿದ್ದ. ಸ್ವಲ್ಪ ಹೊತ್ತಿಗೆ ಒಂದು ಕೈ ಮಾತ್ರ ಹೊರಗೆ ಬರುತ್ತಿತ್ತು. ಚೀಲಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಚೀಲದೊಳಗೆ ನೋಡದೆಯೇ ಕೈ ಹಾಕಿ ಏನನ್ನೋ ತೆಗೆದು ಆ ಅಂಗೈಗೆ ಇಡುತ್ತಿದ್ದ. ಕೈ ಒಳಗೆ ಹೋಗುತ್ತಿತ್ತು, ಪೈಪು ಕಿರುಗುಟ್ಟುತ್ತಿತ್ತು, ಕೈ ಮತ್ತೆ ಬರುತ್ತಿತ್ತು. ಮಾತಿಲ್ಲ, ಕತೆಯಿಲ್ಲ. ಅಣ್ಣನ ಮನಸ್ಸಿನಲ್ಲಿ ಇರುವುದನ್ನು ಅವನ ಬೆರಳು ನೋಡಿಯೇ ಓದಿಬಿಡುತ್ತೇನೆ ಎಂದು ಚೀಲಪ್ಪ ಒಳಗೊಳಗೇ ಬೀಗುತ್ತಿದ್ದ. ಚೀಲದೊಳಗಿನ ಗೋಜಲು ಅವನಿಗೊಬ್ಬನಿಗೇ ಗೊತ್ತಿತ್ತು. ಅದು ಗೋಜಲಾಗಿಯೇ ಇರುವಂತೆ ಅವನು ನೋಡಿಕೊಂಡೂ ಇದ್ದ, ಯಾಕೆಂದರೆ ಅದೇ ಅವನ ಹೊಟ್ಟೆಪಾಡು.

ಚೀಲ ಹರಿದ ಆ ದಿನ ಅಣ್ಣ ಮೆಟ್ಟಿಲಿಳಿದು ಬಂದು, ಸೊಂಟಕ್ಕೆ ಕೈ ಕೊಟ್ಟು, ಈಗೆಲ್ಲ ಒಂದರ ಮೇಲೊಂದು ಕೂರುವ ಪೆಟ್ಟಿಗೆಗಳು ಬಂದಿವೆಯಲ್ಲ, ಅಡಿಯಲ್ಲಿ ಚಕ್ರ, ಮೇಲೆ ಹಿಡಿ, ಅದನ್ನೇ ಒಂದು ತಗೊಂಡುಬಿಡೋಣ ಎಂದ. ಅಂಥ ಪೆಟ್ಟಿಗೆಯನ್ನು ಚೀಲಪ್ಪ ಬಡಗಿಯೊಬ್ಬನ ಹತ್ತಿರ ನೋಡಿದ್ದ. ಅದರೊಳಗೆ ಒಂದೊಂದು ಸಾಮಾನಿಗೂ ಒಂದೊಂದು ಮನೆ. ಮುಚ್ಚಳ ತೆಗೆದರೆ ಹಾದಿಹೋಕರಿಗೂ ಎಲ್ಲಿ ಏನಿದೆ ಎಂದು ತಿಳಿಯುತ್ತದೆ. ಎಲ್ಲರಿಗೂ ತಿಳಿದ ಮೇಲೆ ಚೀಲಪ್ಪ ಯಾಕೆ ಬೇಕು? ಸಿಂಕಿನ ಕೆಳಗೆ ಅವನು ಒಂದು ದಿನವೂ ತೂರಿದವನಲ್ಲ. ಪೆಟ್ಟಿಗೆ ಬಂದ ದಿನ ತಾನು ಮನೆಯಲ್ಲಿ ಕೂತಂತೆಯೇ ಎಂದು ಅವನಿಗೆ ಖಚಿತವಾಯಿತು.

ಅಂಗಡಿಗೆ ಹೋಗುವ ದಾರಿಯುದ್ದಕ್ಕೂ ಅವನು ಹರಿದ ಚೀಲವನ್ನು ಸಾಮಾನಿನ ಸಮೇತ ಹಳೆ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ ಎದೆಗವಚಿಕೊಂಡು ನಡೆದ. ಹೊಲಿಸಿದರೆ ಇನ್ನೂ ಬಾಳಿಕೆ ಬರುತ್ತೆ ಎಂದು ಪದೇ ಪದೇ ಹೇಳಿದ. ಅಣ್ಣ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಅಂಗಡಿಯಲ್ಲಿ ಪೆಟ್ಟಿಗೆಗಳು ಸೂರಿನವರೆಗೆ ನಿಂತಿದ್ದವು. ಒಂದು ಕಂಪನಿಯದಕ್ಕೆ ಮೂಲೆಯಲ್ಲಿ ಕೊಂಡಿ, ಇನ್ನೊಂದರದಕ್ಕೆ ಮುಂದುಗಡೆ ಚಿಲಕ, ಮತ್ತೊಂದು ಬರೀ ಡ್ರಾಯರುಗಳದೇ ಗೋಪುರ. ಒಂದು ಕಂಪನಿಯದು ಇನ್ನೊಂದರ ಮೇಲೆ ಜಪ್ಪಯ್ಯ ಅಂದರೂ ಕೂರುವುದಿಲ್ಲವಂತೆ. ಇವತ್ತು ಯಾವುದಕ್ಕೆ ಕೈ ಹಾಕುತ್ತೀರೋ ಅದರ ಜೊತೆಗೇ ಕೊನೇತನಕ ಬಾಳಬೇಕು ಎಂದು ಸೇಲ್ಸ್‌ಮನ್ ಎಚ್ಚರಿಸಿದ. ಮದುವೆಗೂ ತಾನು ಇಷ್ಟು ಯೋಚನೆ ಮಾಡಿರಲಿಲ್ಲ ಎಂದು ಅಣ್ಣ ಗಂಭೀರವಾಗಿ ತಲೆಯಾಡಿಸಿದ.

ಈ ಸೇಲ್ಸ್‌ಮನ್ ನಡುವಯಸ್ಸಿನ ದಪ್ಪ ಮನುಷ್ಯ, ಪೆಟ್ಟಿಗೆಗಳೆಂದರೆ ಪ್ರಾಣ. ಒಂದರ ಮೇಲೆ ಹತ್ತಿ ಕುಣಿದು ತೋರಿಸಿದ. ಇನ್ನೊಂದನ್ನು ಏಣಿಯ ಮೇಲಿಂದ ಎತ್ತಿ ಒಗೆದ. ಮಗದೊಂದರ ಮೇಲೆ ಬಕೆಟ್ ನೀರು ಸುರಿದು, ಒಳಗಿದ್ದ ಟಿಶ್ಯೂ ಕಾಗದ ತೆಗೆದು ತನ್ನ ಕೆನ್ನೆಗೆ ಒತ್ತಿಕೊಂಡು, ಒಂಚೂರೂ ನೆಂದಿಲ್ಲ ನೋಡಿ ಎಂದ. ಅಣ್ಣನ ಕೆನ್ನೆಗೂ ಒತ್ತಿದ. ಅಣ್ಣ ಕರಗಿಹೋದ.

ಚೀಲಪ್ಪ ಮಾತ್ರ ಕೊಂಕು ತೆಗೆಯುತ್ತಲೇ ಇದ್ದ. ಕೊಂಡಿಯ ಪೆಟ್ಟಿಗೆ ಮುಚ್ಚುವಾಗ ಯಾರೋ ಕೆಮ್ಮಿದ ಹಾಗಾಗುತ್ತದೆ, ಮನೆಯವರು ರೋಗ ಗೀಗ ಅಂದುಕೊಂಡಾರು. ಕೆಂಪು ಬಣ್ಣದ್ದು ಕಂಡರೆ ಬೆಂಕಿ ಆರಿಸಲು ಬಂದವರು ಎಂದು ಜನ ಓಡಿಹೋದಾರು. ಚಕ್ರ ಇರುವ ವಸ್ತುವಿಗೆ ನಿಯತ್ತು ಕಡಿಮೆ, ಇಳಿಜಾರು ಸಿಕ್ಕರೆ ಅದರ ಪಾಡಿಗೆ ಅದು ಹೊರಟುಬಿಡುತ್ತದೆ. ಕೊನೆಗೆ, ಇದು ನೀರಲ್ಲಿ ತೇಲುತ್ತದೆಯೇ ಎಂದು ಕೇಳಿದ. ಧಾರಾಳವಾಗಿ ತೇಲುತ್ತೆ ಎಂದು ಸೇಲ್ಸ್‌ಮನ್ ಹಿಗ್ಗಿದ. ಹಾಗಾದರೆ ನಮಗೆ ಬೇಡವೇ ಬೇಡ, ನಾವು ಹೋಗುವುದೇ ನೀರು ನಿಂತ ಮನೆಗಳಿಗೆ, ನಾವಿನ್ನೂ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಇದು ಬಚ್ಚಲು ಸೇರಿರುತ್ತದೆ ಎಂದ ಚೀಲಪ್ಪ.

ಸೇಲ್ಸ್‌ಮನ್ ಪಿಳಿಪಿಳಿ ಕಣ್ಣು ಬಿಟ್ಟು, ಇವರು ಯಾರು ಎಂದು ಅಣ್ಣನನ್ನು ಕೇಳಿದ. ನನ್ನ ತಮ್ಮ ಎಂದ ಅಣ್ಣ. ಏನು ಕೆಲಸ ಮಾಡ್ತಾರೆ ಎಂದು ಸೇಲ್ಸ್‌ಮನ್ ಮತ್ತೆ ಕೇಳಿದ. ಅಣ್ಣ ಸ್ವಲ್ಪ ಹೊತ್ತು ಸೂರು ನೋಡಿದ.

"ಚೀಲದ ಜೊತೆ ಬರ್ತಾನೆ" ಎಂದ.

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ, ಅದಕ್ಕೇ ಚೀಲಪ್ಪನಿಗೆ ಹೆಚ್ಚು ನೋವಾಯಿತು. ಅದರ ಮೇಲೆ ಆ ಸೇಲ್ಸ್‌ಮನ್, ಬಹಳ ಒಳ್ಳೆಯ ಸುದ್ದಿ ಹೇಳುವವನ ಹಾಗೆ, ಈ ಪೆಟ್ಟಿಗೆ ತಗೊಂಡರೆ ಜೊತೆಗೆ ಯಾರೂ ಬರಬೇಕಾಗಿಲ್ಲ ಎಂದ. ಚೀಲಪ್ಪನಿಗೆ ಮೈಯೆಲ್ಲ ಉರಿಯಿತು. ಒಂದು ಪ್ಲಾಸ್ಟಿಕ್ ಡಬ್ಬಿಯ ಮೇಲೆ ಅಷ್ಟು ಹೊಟ್ಟೆಕಿಚ್ಚು ಪಟ್ಟವನು ಲೋಕದಲ್ಲಿ ಮತ್ತೊಬ್ಬನಿರಲಾರ.

"ಹಾಗಾದ್ರೆ ನೋಡೇಬಿಡೋಣ" ಎಂದ ಅವನು. "ನಾನಾ, ಅದಾ ಅಂತ."

ಪಂದ್ಯ ಗೊತ್ತಾಯಿತು. ಅಂಗಡಿಯ ಮೂಲೆಯಲ್ಲಿ ಮಾರಾಟಕ್ಕಿಟ್ಟ ಅಡುಗೆಕಟ್ಟೆ ಇತ್ತು, ಅದರಲ್ಲೊಂದು ಸಿಂಕು, ಸಿಂಕಿನ ಕೆಳಗೆ ಎಲ್ಲಿಂದಲೂ ಬರದ, ಎಲ್ಲಿಗೂ ಹೋಗದ ಒಂದು ಪೈಪು. ಅಣ್ಣ ಒಳಗೆ ತೂರುವುದು, ಮೊದಲು ಚೀಲಪ್ಪ ಸಾಮಾನು ಕೊಡುತ್ತ ಹೋಗುವುದು, ಪೈಪು ಬಿಚ್ಚುವುದು. ಆಮೇಲೆ ಅದೇ ಸಾಮಾನನ್ನು ಪೆಟ್ಟಿಗೆಯಲ್ಲಿ ಜೋಡಿಸಿ ಸೇಲ್ಸ್‌ಮನ್ ಕೊಡುತ್ತ ಹೋಗುವುದು, ಪೈಪು ಮತ್ತೆ ಕೂರಿಸುವುದು. ಯಾರದು ಬೇಗ ಮುಗಿಯುತ್ತದೋ ಅವರದೇ ಗೆಲುವು. ಪೆಟ್ಟಿಗೆ ಗೆದ್ದರೆ ಪೆಟ್ಟಿಗೆ, ಚೀಲಪ್ಪ ಗೆದ್ದರೆ ಚೀಲಕ್ಕೆ ಹೊಲಿಗೆ. ಪೇಂಟು ಕೊಳ್ಳಲು ಬಂದ ಅವರದೇ ಬೀದಿಯವನೊಬ್ಬ, ಪರದೆಯ ಕಂಬಿಗಾಗಿ ಬಂದ ಹೆಂಗಸೊಬ್ಬಳು, ಬೀಗ ಕೊಳ್ಳಲು ಬಂದ ದಂಪತಿ, ಎಲ್ಲರೂ ತಂತಮ್ಮ ಕೆಲಸ ಮರೆತು ಸುತ್ತ ನೆರೆದರು. ದಂಪತಿಯಲ್ಲಿ ಗಂಡ ಪೆಟ್ಟಿಗೆಯ ಕಡೆ, ಹೆಂಡತಿ ಚೀಲಪ್ಪನ ಕಡೆ. ಅವರಿಬ್ಬರಿಗೂ ಹಳೆಯದೇನೋ ತೀರಿಸಿಕೊಳ್ಳುವುದಿದ್ದ ಹಾಗಿತ್ತು.

ಅಣ್ಣ ತೂರಿಕೊಂಡ. ಎರಡು ಕಾಲು, ಒಂದು ಹೊಟ್ಟೆ ಹೊರಗುಳಿದವು. ಕೈ ಬಂತು, ಚೀಲಪ್ಪ ಇಟ್ಟ. ಮತ್ತೆ ಬಂತು, ಮತ್ತೆ ಇಟ್ಟ. ಪೈಪು ನೀರು ಕುಡಿದಷ್ಟು ಸುಲಭವಾಗಿ ಬಿಚ್ಚಿಕೊಂಡಿತು. ಪರದೆಯ ಕಂಬಿಯ ಹೆಂಗಸು ಚಪ್ಪಾಳೆ ತಟ್ಟಿದಳು. ಎಷ್ಟೋ ವರ್ಷದ ಮೇಲೆ ಚೀಲಪ್ಪನ ಬೆನ್ನು ನೆಟ್ಟಗಾಯಿತು.

ಈಗ ಪೆಟ್ಟಿಗೆಯ ಸರದಿ. ಸೇಲ್ಸ್‌ಮನ್ ಒಂದೊಂದು ಸಾಮಾನನ್ನೂ ಬಟ್ಟೆಯಲ್ಲಿ ಒರೆಸಿ, ಅದರದರ ಗುಳಿಯಲ್ಲಿ ಮಲಗಿಸಿ, ತೋಳು ಮಡಚಿ ಕೂತ. ಅಣ್ಣನ ಕೈ ಹೊರಗೆ ಬಂತು.

ಯಾವುದು ಕೊಡಲಿ ಸರ್ ಎಂದ ಸೇಲ್ಸ್‌ಮನ್. ಕೈ ಹಾಗೇ ಅಂಗಾತ ಬಿದ್ದಿತ್ತು. ಅವನು ಇನ್ನೊಮ್ಮೆ ಗಟ್ಟಿಯಾಗಿ ಕೇಳಿದ.

"ಅದು" ಎಂದಿತು ಸಿಂಕಿನ ಕೆಳಗಿನ ದನಿ.

"ಯಾವ್ದು ಸರ್?"

"ಅದೇ. ಆಗ ಕೊಟ್ಟಿದ್ದನಲ್ಲ, ಅದು."

ಸೇಲ್ಸ್‌ಮನ್ ಸಹಾಯಕ್ಕೆಂದು ತಾನೇ ಹೆಸರು ಕೂಗತೊಡಗಿದ. ಗರಗಸವೇ ಎಂದ. ಹೂಂ, ಅದೇ ಎಂದಿತು ದನಿ. ಗರಗಸ ಒಳಗೆ ಹೋಯಿತು, ಹೋದ ಹಾಗೇ ಹೊರಗೆ ಬಂತು. ಸ್ಕ್ರೂ ಡ್ರೈವರೇ ಎಂದ. ಅದೇ ಅದೇ ಎಂದಿತು ದನಿ. ಅದೂ ಹೋಗಿ ಬಂತು. ಜನ ಕಿಸಕ್ಕನೆ ನಕ್ಕರು.

ಚೀಲಪ್ಪನೂ ನಕ್ಕ. ಇನ್ನೇನು ಗೆದ್ದೆ ಎಂದುಕೊಂಡು ಅಣ್ಣನ ಕೈ ನೋಡಿದ. ನೋಡಿದವನ ನಗು ಬಾಯಲ್ಲೇ ಉಳಿಯಿತು. ಆ ಬೆರಳುಗಳಲ್ಲಿ ಓದುವುದಕ್ಕೆ ಏನೂ ಇರಲಿಲ್ಲ. ಅಣ್ಣನಿಗೆ ಗೊತ್ತಿಲ್ಲ. ಯಾವ ಸಾಮಾನಿನ ಹೆಸರೂ ಗೊತ್ತಿಲ್ಲ, ಯಾವುದು ಬೇಕು ಎನ್ನುವುದೂ ಗೊತ್ತಿಲ್ಲ. ಇಷ್ಟು ವರ್ಷ ಅವನು ಕೈ ಚಾಚಿದ್ದಾನೆ, ಕೈಗೆ ಬಂದದ್ದನ್ನು ತಿರುಗಿಸಿದ್ದಾನೆ, ಅಷ್ಟೇ. ಹಾಗಾದರೆ ಬೀದಿಯ ಪೈಪುಗಳನ್ನೆಲ್ಲ ರಿಪೇರಿ ಮಾಡಿದವನು ಯಾರು ಎಂದು ಕೇಳಿಕೊಂಡ ಚೀಲಪ್ಪ ತನ್ನ ಎರಡು ಕೈಗಳನ್ನೇ ನೋಡಿಕೊಂಡ.

ಖುಷಿಪಡುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಅವನಿಗೆ ಸಿಗುತ್ತಿರಲಿಲ್ಲ. ಸುಮ್ಮನೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಪೇಂಟಿನವನು ಆಗಲೇ ಪಕ್ಕದವನಿಗೆ, ದೊಡ್ಡ ಪ್ಲಂಬರ್‌ಗೆ ಸ್ಪ್ಯಾನರ್ ಅಂದರೇನು ಅಂತಲೇ ಗೊತ್ತಿಲ್ವಂತೆ ಎಂದು ಪಿಸುಗುಟ್ಟುತ್ತಿದ್ದ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಚೀಲಪ್ಪ ಅಣ್ಣನ ಹೊಟ್ಟೆ ನೋಡಿದ. ಅದು ಉಸಿರು ಬಿಗಿಹಿಡಿದು ನಿಂತಿತ್ತು. ಅವನಿಗೆ ಅಳು ಬಂದ ಹಾಗಾಯಿತು.

"ಅಣ್ಣ ಕೇಳ್ತಿರೋದು ಪೆಟ್ಟಿಗೇಲಿಲ್ಲ" ಎಂದ ಗಟ್ಟಿಯಾಗಿ. "ನಾನು ಕದ್ದಿಟ್ಟಿದ್ದೀನಿ. ಪೆಟ್ಟಿಗೆ ಸೋಲಲಿ ಅಂತ."

ಅವನು ಜೇಬಿಗೆ ಕೈ ಹಾಕಿದ. ಅಲ್ಲಿ ಇದ್ದದ್ದು ಒಂದು ಬಾಚಣಿಗೆ. ತಲೆಯಲ್ಲಿ ಅಂಥ ಕೂದಲಿಲ್ಲದಿದ್ದರೂ ಅದನ್ನು ಇಟ್ಟುಕೊಂಡು ತಿರುಗುವ ಅಭ್ಯಾಸ ಅವನಿಗೆ. ಅದನ್ನೇ ಮುಷ್ಟಿಯಲ್ಲಿ ಮುಚ್ಚಿಕೊಂಡು ತೆಗೆದು, ಯಾರಿಗೂ ಕಾಣದ ಹಾಗೆ ಅಣ್ಣನ ಅಂಗೈಗೆ ಒತ್ತಿದ. ಕೈ ಸರಕ್ಕನೆ ಒಳಗೆ ಹೋಯಿತು.

ಒಳಗೆ ಬೆರಳು ಬಾಚಣಿಗೆಯ ಹಲ್ಲುಗಳನ್ನು ತಡವಿದ ಸಣ್ಣ ಸದ್ದಾಯಿತು. ಆಮೇಲೆ ದೊಡ್ಡ ಪ್ಲಂಬರನ ಹಳೆಯ ದನಿ ಅಡುಗೆಕಟ್ಟೆ ನಡುಗುವ ಹಾಗೆ ಕೇಳಿಸಿತು.

"ಹಾಂ. ಇದೇ ಬೇಕಾಗಿತ್ತು."

ಪೈಪಿನ ಮೇಲೆ ಬಾಚಣಿಗೆ ಎಳೆದ ಕರಕರ ಸದ್ದು ಬಂತು. ಅಣ್ಣ ಮುಕ್ಕಿರಿದ, ಉಸ್ಸೆಂದ, ಇಷ್ಟು ಬಿಗಿ ಸಾಕು ಎಂದು ತನಗೆ ತಾನೇ ಹೇಳಿಕೊಂಡ. ಪ್ಲಾಸ್ಟಿಕ್ ಪೈಪು, ಬರಿಗೈಯಲ್ಲಿ ತಿರುಗಿಸಿದರೂ ಕೂರುವಂಥದ್ದು, ಕೂತಿತು. ಸೇಲ್ಸ್‌ಮನ್ ಬಗ್ಗಿ ನೋಡಿ, ಇಂಥ ಅಚ್ಚುಕಟ್ಟು ಕೆಲಸ ತಾನು ನೋಡಿಯೇ ಇಲ್ಲ ಎಂದು ಸಾರಿದ.

ಉಳಿದದ್ದನ್ನು ಹೇಳಬೇಕಾಗಿಲ್ಲ. ಜನ ಚೀಲಪ್ಪನಿಗೆ ಛೀಮಾರಿ ಹಾಕಿದರು. ಚಪ್ಪಾಳೆ ತಟ್ಟಿದ್ದ ಹೆಂಗಸು ತನ್ನ ಚಪ್ಪಾಳೆ ದಂಡವಾಯಿತೆಂದು ಮುಖ ತಿರುಗಿಸಿದಳು. ದಂಪತಿಯಲ್ಲಿ ಗಂಡ ಹೆಂಡತಿಯನ್ನು ನೋಡಿ ಮೀಸೆ ತಿರುವಿದ. ಅಣ್ಣ ಹೊರಗೆ ಬಂದು, ಧೂಳು ಕೊಡವಿಕೊಂಡು, ಅಣ್ಣಂದಿರು ಬೈಯಬೇಕಾದ ರೀತಿಯಲ್ಲಿ ತಮ್ಮನನ್ನು ಬೈದ: ಮನೆ ಮಾನ ಕಳೆದೆ, ಕಳ್ಳಬುದ್ಧಿ ಎಲ್ಲಿಂದ ಬಂತು, ನಿನ್ನನ್ನು ನಂಬಿದ್ದೇ ತಪ್ಪು. ಬೈಯುವಷ್ಟು ಹೊತ್ತೂ ತಮ್ಮನ ಮುಖ ನೋಡಲಿಲ್ಲ, ಅವನ ಅಂಗಿಯ ಗುಂಡಿಯನ್ನೇ ನೋಡುತ್ತಿದ್ದ. ಚೀಲಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಬೈಸಿಕೊಂಡ. ಪಂದ್ಯ ಗೆದ್ದ ಪೆಟ್ಟಿಗೆಯನ್ನು ಅಣ್ಣ ಕೊಂಡೇಬಿಟ್ಟ.

ಬೀದಿಯಲ್ಲಿ ಪೆಟ್ಟಿಗೆ ಗಡಗಡ ಉರುಳಿತು. ಅಣ್ಣ ಎಳೆಯುತ್ತಿದ್ದ, ತಮ್ಮ ಬರಿಗೈಯಲ್ಲಿ ಹಿಂದೆ ಬರುತ್ತಿದ್ದ. ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತೋಚಲಿಲ್ಲ. ಅಂಗಡಿ ಕಣ್ಮರೆಯಾದ ಮೇಲೆ, ಜನ ಓಡಾಡದ ಒಂದು ಗೋಡೆಯ ಮಗ್ಗುಲಲ್ಲಿ, ಅಣ್ಣ ಪೆಟ್ಟಿಗೆ ನಿಲ್ಲಿಸಿ ಮುಚ್ಚಳ ತೆರೆದ. ಎಲ್ಲ ಸಾಮಾನೂ ತಂತಮ್ಮ ಗುಳಿಗಳಲ್ಲಿ ಮಿರಮಿರ ಮಿಂಚುತ್ತ ಮಲಗಿದ್ದವು.

ಇವುಗಳ ಹೆಸರೆಲ್ಲ ಒಂದು ಕಾಲಕ್ಕೆ ಗೊತ್ತಿತ್ತು, ಕೈಚಾಚಿ ಕೈಚಾಚಿ ಎಲ್ಲ ಮರೆತುಹೋಯಿತು ಎಂದು ಅಣ್ಣ ಗೋಡೆಗೆ ಹೇಳುವವನಂತೆ ಹೇಳಿದ. ಇನ್ನೊಂದು ಸಲ ಹೀಗಾದರೆ ಸತ್ತೇಹೋಗುತ್ತೇನೆ ಎಂದ. ಆಮೇಲೆ ಪೆಟ್ಟಿಗೆಯ ಪಕ್ಕ ನೆಲದ ಮೇಲೇ ಕೂತು, ಇವೆಲ್ಲದರ ಹೆಸರನ್ನೂ, ಯಾವುದು ಯಾತಕ್ಕೆ ಅನ್ನುವುದನ್ನೂ ಹೇಳಿಕೊಡು ಎಂದು ತಮ್ಮನನ್ನು ಕೇಳಿದ.

ಚೀಲಪ್ಪ ಎದುರಿಗೆ ಕೂತ. ದೊಡ್ಡ ರೆಂಚನ್ನು ಕೈಗೆತ್ತಿಕೊಂಡ. ಹೆಸರು ಹೇಳಹೊರಟವನು ಅದನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡ. ಬೆಳಗಿನಿಂದ ಎದೆಯಲ್ಲಿ ಕುಳಿತಿದ್ದ ಭಯ ಈಗ ನಾಲಿಗೆಗೆ ಬಂತು.

"ಎಲ್ಲಾ ಕಲ್ತ್‌ಬಿಟ್ರೆ ಆಮೇಲೆ ನಾನ್ಯಾಕೆ ಬೇಕು ಅಣ್ಣ?"

ಅಣ್ಣ ಮೂಗು ಕೆರೆದುಕೊಂಡ.

"ಹಾಗಿದ್ರೆ ತಪ್ಪು ತಪ್ಪು ಹೇಳ್ಕೊಡು" ಎಂದ.

ಚೀಲಪ್ಪ ಅಣ್ಣನ ಮುಖವನ್ನೇ ನೋಡಿದ. ಅಣ್ಣ ತಮಾಷೆ ಮಾಡುತ್ತಿರಲಿಲ್ಲ. ಚೀಲಪ್ಪ ಕಣ್ಣೊರೆಸಿಕೊಂಡು ರೆಂಚನ್ನು ಎತ್ತಿ ಹಿಡಿದ.

"ಇದು ಸೌಟು" ಎಂದ.

"ಸೌಟು" ಎಂದ ದೊಡ್ಡ ಪ್ಲಂಬರ್, ಕಲಿಯುವವನ ಶ್ರದ್ಧೆಯಿಂದ, ಮುಂದಿನದಕ್ಕೆ ಕೈ ಚಾಚಿ.