ಮನೆಗೆ ಬಾರದ ಸಾಸಿವೆ

ಗುದ್ದಲಿ, ಸನಿಕೆ ಹೆಗಲಿಗೇರಿಸಿಕೊಂಡು ಸೀನಪ್ಪ ಆಗಲೇ ಮಶಾಣದ ದಾರಿಗೆ ತಿರುಗಿದ್ದ. ಜಗಲಿಯ ಮೇಲೆ ಗಂಡನ ಹೆಣದ ತಲೆದೆಸೆಯಲ್ಲಿ ಕೂತಿದ್ದ ಅಕ್ಕಯ್ಯಮ್ಮ ಅಲ್ಲಿಂದಲೇ ಕೂಗಿದಳು.

"ಸೀನಪ್ಪಾ, ಆ ಕಡೆ ಅಲ್ಲ. ದಿಬ್ಬದ ಒಲದಾಗೆ ತೋಡ್ಸು."

ಅಳುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಸೀನಪ್ಪ ನಿಂತ.

"ಅತ್ಗೆ, ಅದು ಸೈನೇಡು ಮಣ್ಣು. ನಾಯಿನೂ ಮಲಗಲ್ಲ ಅಲ್ಲಿ. ಅಪ್ಪ, ತಾತ ಎಲ್ರೂ ಮಶಾಣದಾಗವ್ರೆ. ಅಣ್ಣನೊಬ್ಬನ್ನ ತಕ್ಕೊಂಡೋಗಿ ಇಸದಾಗೆ ಊಣೋದಾ?"

"ಇಸ ಅಂತ ಇವತ್ತು ಗೊತ್ತಾಯ್ತಾ ನಿಂಗೆ? ಓದ ವಾರ ಅಲ್ಲೇ ಸೊಪ್ಪು ಕುಯ್ಯಕ್ಕೆ ಕುಡ್ಲು ಇಡ್ಕೊಂಡು ನಿಂತಿದ್ಯಲ್ಲ. ಆಗ ಇರ್ಲಿಲ್ವಾ ಇಸ?"

ಕಟ್ಟೆಯ ಮೇಲೆ ಎಲೆಯಡಿಕೆ ಮೆಲ್ಲುತ್ತಿದ್ದ ಕೋದಂಡಪ್ಪ ಫಕ್ಕನೆ ನಕ್ಕು, ಸಾವಿನ ಮನೆಯೆಂಬುದು ನೆನಪಾಗಿ ಕೆಮ್ಮಿದ. ಊರಿನಲ್ಲಿ ಯಾರು ಸತ್ತರೂ ಗುಣಿಯ ಅಳತೆ ಹೇಳುವವನು ಅವನೇ. ಸತ್ತ ಮುನಿಸ್ವಾಮಪ್ಪ ಅವನ ವಾರಗೆಯವನು. ನಿನ್ನೆ ಸಂಜೆ ಹಾಲು ಕರೆದು ಬಂದವನು ಎದೆ ಹಿಡಿದುಕೊಂಡು ಇದೇ ಕಟ್ಟೆಯ ಮೇಲೆ ಒರಗಿದ್ದ. ಮತ್ತೆ ಏಳಲಿಲ್ಲ.

"ಅವಳು ಏಳಿದ ಕಡೆನೇ ತೋಡ್ಲಾ, ಸೀನ," ಎಂದ ಕೋದಂಡಪ್ಪ. "ಅವನ ಒಲ, ಅವನ ಎಂಡ್ತಿ. ನಡುವೆ ನಿಂದೇನು?"

ನಡುವೆ ಸೀನಪ್ಪನದೂ ಒಂದಿಷ್ಟು ಇತ್ತು. ಅದು ಮಕ್ಕಳಿಲ್ಲದ ಮನೆ. ಮಡಕೆ ಹೊರುವವನು ತಮ್ಮನಾದ ಅವನೇ, ಇನ್ನು ಮುಂದೆ ಹೊಲ ನೋಡಿಕೊಳ್ಳುವವನೂ ಅವನೇ ಎಂದು ಎಲ್ಲರೂ ತಿಳಿದಿದ್ದರು. ಕೊಟ್ಟಿಗೆಯಲ್ಲಿ ನಾಲ್ಕು ಸೀಮೆಹಸು ಕಟ್ಟಿದ್ದ ಸೀನಪ್ಪನಿಗೆ ಊರ ಸುತ್ತ ಹಸಿಮೇವು ಎಂದು ಕಾಣುತ್ತಿದ್ದದ್ದು ಅದೊಂದೇ ಹೊಲದಲ್ಲಿ. ಗೊಣಗುತ್ತಲೇ ಅವನು ದಿಬ್ಬದ ದಾರಿಗೆ ತಿರುಗಿದ.

*

ಒಂದು ಕಾಲಕ್ಕೆ ಅದು ರಾಗಿ ಹೊಲ. ಸೈನೇಡು ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣನ್ನು ಗಣಿಯವರು ವರ್ಷವರ್ಷವೂ ಸುರಿದು ಸುರಿದು ದಿಬ್ಬ ಹೊಲದ ಬದುವಿನವರೆಗೂ ಬಂದಿತ್ತು. ಆಷಾಢದ ಗಾಳಿ ಎದ್ದರೆ ಅನ್ನದ ತಟ್ಟೆಗೂ ಅದರ ಬೂದಿಯಂಥ ಧೂಳು ಬೀಳುತ್ತಿತ್ತು. ಮಳೆ ಬಂದರೆ ದಿಬ್ಬ ಕರಗಿ ಹೊಲಕ್ಕೇ ಇಳಿಯುತ್ತಿತ್ತು. ಪೈರು ಗೇಣುದ್ದವಾಗುವ ಹೊತ್ತಿಗೆ ಸೀದುಹೋಗುತ್ತಿತ್ತು. ಒಂದು ವರ್ಷ, ನೀರು ಇಂಗಿ ನೆಲದ ಮೇಲೆ ಉಳಿದಿದ್ದ ಬಿಳಿ ಪೊರೆಯನ್ನು ಉಪ್ಪೆಂದು ನೆಕ್ಕಿದ ಕರು ಸಂಜೆಯೊಳಗೆ ಸತ್ತಿತು.

ಮುನಿಸ್ವಾಮಪ್ಪ ದಿನವೂ ಬೆಳಿಗ್ಗೆ ಊರಿಗಾಂ ಸ್ಟೇಷನ್ನಿನಲ್ಲಿ ಹಾಲಿನ ಕ್ಯಾನು ರೈಲಿಗೆ ಹತ್ತಿಸಿಕೊಂಡು ಬಂಗಾರಪೇಟೆಗೆ ಹೋಗುವವನು. ಅದೇ ಡಬ್ಬಿಯಲ್ಲಿ ಕಾಲೇಜಿನಲ್ಲಿ ಗಿಡಮರದ ಪಾಠ ಹೇಳುವ ಆದಿನಾರಾಯಣ ಮೇಷ್ಟ್ರೂ ಬರುತ್ತಿದ್ದರು. ಕರುವಿನ ಕತೆ ಕೇಳಿದ ಮೇಷ್ಟ್ರು ಹೇಳಿದರು:

"ಕೆಲವು ಗಿಡ ಮಣ್ಣಿನಲ್ಲಿರೋ ಕೆಟ್ಟದ್ದನ್ನ ಹೀರ್ಕೊಂಡು ಮೈಯಲ್ಲೇ ಇಟ್ಕೊಳ್ತವೆ, ಮುನಿಸ್ವಾಮಪ್ಪನೋರೇ. ಸಾಸಿವೆನೂ ಅಂಥದ್ದೇ ಅಂತ ಓದಿದೀನಿ. ಹಾಕಿ ನೋಡಿ. ಆದ್ರೆ ಕಾಳು ಕಟ್ಟೋಕೆ ಮುಂಚೆ ಬೇರುಸಮೇತ ಕಿತ್ತು ಹೊಲದಿಂದ ಆಚೆ ಹಾಕ್ಬೇಕು. ನೀವೂ ತಿನ್ನಬಾರ್ದು, ದನಾನೂ ತಿನ್ನಬಾರ್ದು, ಸುಡಲೂಬಾರ್ದು."

"ಎಷ್ಟು ಸಲ ಕೀಳ್ಬೇಕು, ಸ್ವಾಮಿ?"

"ಅದು ನಂಗೂ ಗೊತ್ತಿಲ್ಲ."

ಅಷ್ಟೇ ಮಾತು. ಅಂದಿನಿಂದ ಪ್ರತಿವರ್ಷವೂ ಮುನಿಸ್ವಾಮಪ್ಪ ಸಾಸಿವೆ ಚೆಲ್ಲಿದ. ಹೂ ಬಿಟ್ಟು ಹೊಲವೆಲ್ಲ ಅರಿಸಿನ ಬಳಿದಂತಾದ ಹೊತ್ತಿಗೆ ಕಿತ್ತು, ಹೊರೆ ಕಟ್ಟಿ, ದಿಬ್ಬದ ಬುಡದಲ್ಲಿ ತಾನೇ ತೋಡಿದ ಹಳ್ಳಕ್ಕೆ ಹಾಕಿ ಮಣ್ಣು ಮುಚ್ಚಿದ. ಊರು ನಕ್ಕಿತು. ಅಕ್ಕಯ್ಯಮ್ಮ ನಗಲಿಲ್ಲ, ಬೈದಳು.

ನಾಲ್ಕನೆಯ ವರ್ಷ ಮೇವಿಗೆ ಬಹಳ ತತ್ವಾರವಾಗಿ, ಗಂಡನಿಲ್ಲದಾಗ ಅವಳು ಒಂದು ತೆಕ್ಕೆ ಸೊಪ್ಪು ತಂದು ಹಸುವಿಗೆ ಹಾಕಿದಳು. ಸಂಜೆ ಹಾಲು ಕರೆದು ಮೂಗಿನ ಹತ್ತಿರ ಹಿಡಿದ ಮುನಿಸ್ವಾಮಪ್ಪ ಹೆಂಡತಿಯ ಮುಖ ನೋಡಿದ. ಬಕೀಟು ಹಿಡಿದು ದಿಬ್ಬದ ಹಳ್ಳಕ್ಕೆ ನಡೆದ. ಅವಳು ಊರೆಲ್ಲ ಕೇಳುವಂತೆ ಅರಚುತ್ತ ಹಿಂದೆಯೇ ಓಡಿದಳು.

"ಆಲು ಚೆಲ್ಲೋ ಕೈ ಬಿದ್ದೋಗ! ಲಕ್ಷ್ಮೀನ ಗುಂಡಿಗೆ ಸುರೀತೀಯಾ? ನಾನು ಕುಡೀತೀನಿ ಕೊಡು, ಸತ್ರೆ ಸಾಯ್ತೀನಿ!"

"ನಾವಿಬ್ರೇ ಕುಡಿಯೋದಾಗಿದ್ರೆ ನಿನಗಿಂತ ಮುಂಚೆ ನಾನೇ ಕುಡೀತಿದ್ದೆ ಕಣೇ," ಎಂದ ಅವನು, ಸುರಿಯುತ್ತಲೇ. "ಇದು ರೈಲು ಅತ್ತೋ ಆಲು. ಪ್ಯಾಟೆಯಾಗೆ ಯಾವ ಕೂಸಿನ ಬಾಯಿಗೆ ಓಗ್ತದೋ, ನಂಗೆ ಗೊತ್ತಾಗ್ತದಾ?"

ಆ ಸೊಪ್ಪಿನ ವಾಸನೆ ಹಾಲಿನಿಂದ ಹೋಗುವವರೆಗೂ ಕ್ಯಾನು ರೈಲು ಹತ್ತಲಿಲ್ಲ. ಶಿವರಾತ್ರಿ ಕಳೆಯುವವರೆಗೂ ಅಕ್ಕಯ್ಯಮ್ಮ ಅವನೊಡನೆ ಮಾತಾಡಲಿಲ್ಲ.

*

ಧನುರ್ಮಾಸದ ಬಿಸಿಲು. ಸಾಸಿವೆ ಸೊಂಟದೆತ್ತರ ಹೂ ಬಿಟ್ಟಿತ್ತು. ಗುಣಿಗೂ ತೆಗೆದ ಮಣ್ಣಿಗೂ ಜಾಗ ಬೇಕಾಗಿ ಸೀನಪ್ಪ ಗಿಡ ಕಿತ್ತು ಬದುವಿನ ಮೇಲೆ ರಾಶಿ ಹಾಕಿದ್ದ.

"ಇಷ್ಟು ಸಾಸಿವೆ ಬೆಳ್ದು ಒಂದಿನಾನೂ ಒಗ್ಗರಣೆ ಚಟಪಟ ಅನ್ಸಲಿಲ್ಲ, ಪುಣ್ಯಾತ್ಮ," ಎಂದು ಕೋದಂಡಪ್ಪ ಕೋಲಿನಿಂದ ಗುಣಿಯ ಉದ್ದ ಅಳೆದ. "ಇನ್ನೊಂದ್ ಚೂರು ತೆಗೀಲಾ. ಅವನ ಕಾಲು ಉದ್ದ. ಮಡಚಿ ಮಲಗ್ಸಿದ್ರೆ ರಾತ್ರಿ ಬಂದು ನಿನ್ನೇ ಒದೀತಾನೆ."

ಹೆಣ ಬಂತು. ಅಕ್ಕಯ್ಯಮ್ಮನನ್ನು ಪಾಪಕ್ಕ ತೋಳು ಹಿಡಿದು ನಡೆಸಿಕೊಂಡು ಬಂದಳು. ಪಕ್ಕದ ಮನೆಯ ಈ ಪಾಪಕ್ಕನೇ ಬೆಳಿಗ್ಗೆ ಅವಳಿಗೆ ಅರಿಸಿನ ಹಚ್ಚಿ, ಕಾಸಗಲ ಕುಂಕುಮವಿಟ್ಟು, ಹಸಿರು ಬಳೆ ತೊಡಿಸಿ, ಹೂ ಮುಡಿಸಿದ್ದವಳು. ಹನ್ನೊಂದನೆಯ ದಿನದವರೆಗೆ ಮಾತ್ರ ಅವೆಲ್ಲ.

ಹನ್ನೊಂದರ ರೈಲಿಗೆ ಬಂದ ಮೇಷ್ಟ್ರು ಚಪ್ಪಲಿ ಬದುವಿನ ಮೇಲೆ ಬಿಟ್ಟು ಕೈಮುಗಿದು ನಿಂತರು. ಅಕ್ಕಯ್ಯಮ್ಮ ಅವರನ್ನು ಅದೊಂದೇ ಮಾತಿಗೆ ಕಾದಿದ್ದವಳಂತೆ ಕೇಳಿದಳು.

"ಮೇಷ್ಟ್ರೇ, ಇದು ಮಣ್ಣಾಯ್ತಾ?"

"ಕಡಮೆ ಆಗಿದೆ, ತಾಯಿ. ಹೋದ ಸಲ ಅವರು ಕೊಟ್ಟ ಮಣ್ಣನ್ನ ಬೆಂಗಳೂರಲ್ಲಿ ತೋರಿಸಿದ್ದೆ. ಪೂರ್ತಿ ಹೋಗಿದೆ ಅಂತ ಹೇಳಲಾರೆ."

"ಇನ್ನ ಎಷ್ಟು ವರ್ಷ?"

"ಅವರೂ ಇದನ್ನೇ ಕೇಳಿದ್ರು. ಗೊತ್ತಿಲ್ಲ ಅಂದೆ. 'ಆಗ್ಲಿ ಬಿಡಿ, ದಿಬ್ಬ ಎಲ್ಲಿಗೂ ಓಗಲ್ಲ, ನಾನೂ ಓಗಲ್ಲ' ಅಂತ ನಗ್ತಾ ಕ್ಯಾನು ಇಳಿಸ್ಕೊಂಡ್ರು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಸೀನಪ್ಪ ಮಡಕೆ ಹೊತ್ತು ಸುತ್ತು ಬಂದ. ಹೆಣ ಇಳಿಯಿತು. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಅಕ್ಕಯ್ಯಮ್ಮ ಮಣ್ಣನ್ನು ಬೊಗಸೆಯಲ್ಲಿ ತುಂಬಿಕೊಂಡು, ಹೆಂಟೆಯಿದ್ದರೆ ಮುರಿದು ಪುಡಿಮಾಡಿ, ನಿಧಾನವಾಗಿ ಬಿಟ್ಟಳು. ಗುಡ್ಡೆ ಏರಿಸಿದ ಮೇಲೆ ಸೀನಪ್ಪ ಕೈ ಒರೆಸಿಕೊಳ್ಳುತ್ತ ಬದುವಿನ ಕಡೆ ನೋಡಿದ.

"ಮೇಷ್ಟ್ರೇ ಏಳಿದ್ರಲ್ಲ, ಕಡಮೆ ಆಗದೆ ಅಂತ. ಈ ಒಂದ್ ಒರೆ ನಮ್ಮ ಅಸುಗಳಿಗೆ ಆಕ್ತೀನಿ, ಅತ್ಗೆ. ಅಣ್ಣನ ಎಸ್ರಾಗೆ ತಿಂತವೆ."

"ಸತ್ತೋರ ಎಸ್ರಾಗೆ ಗೋವಿಗೆ ಮೇವು ಆಕಿದ್ರೆ ಅವರಿಗೆ ದಾರಿ ಸಲೀಸು," ಎಂದಳು ಪಾಪಕ್ಕ. ಹೆಂಗಸರೆಲ್ಲ ಹೌದೆಂದರು. ಹಸುವಿನ ಬಾಯಿಗೆ ಬೀಳುವ ಹುಲ್ಲಿಗೆ ಅಡ್ಡ ಬರುವುದು, ಅದೂ ಗಂಡನ ಗುಣಿಯ ಮುಂದೆ, ಆ ಸೀಮೆಯಲ್ಲಿ ಯಾವ ಹೆಂಗಸೂ ಮಾಡುವ ಕೆಲಸವಲ್ಲ. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು.

"ಪುಣ್ಯ ಅವನಿಗೆ. ಆಲು?" ಎಂದಳು ಅಕ್ಕಯ್ಯಮ್ಮ. "ಆಲು ಎಲ್ಲಿಗೆ ಓಗ್ತದೆ, ಸೀನಪ್ಪ?"

"ಡೈರಿಗೆ."

"ಆಮೇಲೆ?"

ಸೀನಪ್ಪ ಗುದ್ದಲಿಗೆ ಮೆತ್ತಿದ ಮಣ್ಣು ಕೆರೆಯತೊಡಗಿದ. ಕೋದಂಡಪ್ಪ ಎಲೆಯಡಿಕೆ ಉಗಿದು, "ಕೆರೆಗೆ ನಡೀರಪ್ಪ, ಮುಳುಗಿ ದೀಪ ನೋಡ್ಕೊಂಡು ಓಗಾನ," ಎಂದು ಎಲ್ಲರನ್ನೂ ಎಬ್ಬಿಸಿದ.

ಅಕ್ಕಯ್ಯಮ್ಮ ಏಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ರಾಶಿಯ ಮುಂದೆ ಕೂತು, ಗಿಡಗಳನ್ನು ಬೇರು ಒಂದು ಕಡೆಗೆ ಮಾಡಿ ಜೋಡಿಸತೊಡಗಿದಳು.

"ಅಕ್ಕಯ್ಯಾ, ಮೊದ್ಲು ಮಿಂದು ದೀಪ ನೋಡ್ಬೇಕು ಕಣೇ," ಎಂದು ಪಾಪಕ್ಕ ಅಂಗಲಾಚಿದಳು. "ಬಿಸಾಕೋದು ನಾಳೆ ಬಿಸಾಕಾನ."

"ಬಿಡತ್ಗೆ, ನಾನೇ ಕೊಂಡೋಗಿ ಅಳ್ಳಕ್ಕೆ ಆಕ್ತೀನಿ," ಎಂದ ಸೀನಪ್ಪ.

"ನೀನು ಆಕಲ್ಲ."

ಅವಳು ಹಗ್ಗ ಬಿಗಿದು ಗಂಟು ಹಾಕಿ, ತಲೆಗೆ ಸಿಂಬಿ ಇಟ್ಟುಕೊಂಡಳು.

"ಎತ್ತು," ಎಂದಳು.

ಸೀನಪ್ಪ ಹೊರೆ ಎತ್ತಿ ಅತ್ತಿಗೆಯ ತಲೆಯ ಮೇಲಿಟ್ಟ.

ಕೆರೆ ಏರಿಯ ಮೇಲೆ ಒದ್ದೆ ಬಟ್ಟೆಯಲ್ಲಿ ನಿಂತಿದ್ದವರಿಗೆ ಅವಳು ಕಾಣುತ್ತಿದ್ದಳು. ಬೂದಿ ಬಣ್ಣದ ದಿಬ್ಬದ ಕಡೆಗೆ ಒಂದು ಹೂವಿನ ಹೊರೆ ನಡೆದುಹೋಗುತ್ತಿತ್ತು. ಎಲ್ಲಿಂದಲೋ ಬಂದ ಸೀನಪ್ಪನ ಕೆಂದಹಸು ಕತ್ತು ಚಾಚಿಕೊಂಡು ಹಿಂದೆ ಬಿದ್ದಿತ್ತು. ಅದು ಬಾಯಿ ಹಾಕಿದಾಗಲೆಲ್ಲ ಅಕ್ಕಯ್ಯಮ್ಮ ತಿರುಗಿ ನೋಡದೆಯೇ, ಹಸಿರು ಬಳೆಯ ಕೈ ಹಿಂದಕ್ಕೆ ಬೀಸಿ ಅದರ ಮೂತಿಯನ್ನು ತಳ್ಳುತ್ತಿದ್ದಳು.