ಕೆಸರಿನ ಗುಳ್ಳೆ, ಒತೀಲಿಯಾಳ ತೆನೆ

ಸಾಲ್ದಾನ್ಯಾ ಊರಿನ ಕಾಲುವೆಯಲ್ಲಿ ನೀರು ಇಳಿದರೆ ಸಾಕು, ಒಡಹುಟ್ಟಿದವರೂ ಮುಖ ಕೊಟ್ಟು ಮಾತಾಡುವುದಿಲ್ಲ. ಆ ಬೇಸಿಗೆಯೂ ಹಾಗೇ ಆಯಿತು. ಕಾಲುವೆಯ ತಲೆಯಲ್ಲಿದ್ದ ಅರ್ಸೇನಿಯೋನ ಗದ್ದೆಯಲ್ಲಿ ಎಳೆ ಪೈರು, ತುಳುಕುವಷ್ಟು ನೀರು. ಕಟ್ಟಕಡೆಯಲ್ಲಿ ಅವನ ಅಕ್ಕ ಒತೀಲಿಯಾಳ ಗದ್ದೆ. ಅಲ್ಲಿ ತೆನೆ ಹೊರಡುವ ಹೊತ್ತಿಗೇ ನೆಲ ಬಿರಿಯುತ್ತಿತ್ತು.

"ತೂಬು ಮುಚ್ಚೋ ತಮ್ಮಾ, ನಾಕು ದಿನ ನೀರು ನನ್ ಕಡೆ ಬರ್ಲಿ. ಈಗ ಸಿಗ್ಲಿಲ್ಲ ಅಂದ್ರೆ ಬರೀ ಜೊಳ್ಳು ಕುಯ್ಬೇಕು," ಎಂದಳು ಒತೀಲಿಯಾ.

"ನಿನ್ ಭತ್ತ ಉಳ್ಸೋಕೆ ನನ್ ಭತ್ತ ಸಾಯಿಸ್ಲಾ? ಭತ್ತ ಅಂದ್ರೆ ನೀರು ನಿಂತಿರ್ಬೇಕು. ಅಪ್ಪ ಹೇಳಿದ್ದು ಮರ್ತ್ಯಾ?"

ಅರ್ಸೇನಿಯೋನ ಹೆಂಡತಿ ನೀದಿಯಾ ಮಹಿಳಾ ಸಂಘದಲ್ಲಿ ಬೇರೆಯದೇ ಕಲಿತು ಬಂದಿದ್ದಳು. "ಬನ್ರೀ ಇಲ್ಲಿ," ಎಂದವಳೇ ಗದ್ದೆಗಿಳಿದು ಕೆಸರು ತುಳಿದಳು. ಬುಳುಬುಳು ಗುಳ್ಳೆ ಎದ್ದವು.

"ಇದು ಮೀಥೇನ್. ಗಾಳಿ ಸಿಗದ ಕೆಸರಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕೊಳೆತ ಹುಲ್ಲಿಂದ ಮಾಡೋ ಅನಿಲ. ಮೇಲೆ ಹೋಗಿ ಭೂಮಿನ ಬಿಸಿ ಮಾಡತ್ತೆ."

"ಹಂಗಾದ್ರೆ ಔಷಧಿ ಹೊಡೆದು ಕೊಂದುಬಿಡೋಣ!" ಎಂದ ಅರ್ಸೇನಿಯೋ.

"ಅಯ್ಯೋ ನಿಮ್ ಬುದ್ಧಿಗಿಷ್ಟು! ಒಂದು ಚಿಟಿಕೆ ಮಣ್ಣಲ್ಲಿ ಕೋಟಿಗಟ್ಲೆ ಜೀವ ಇದಾವೆ. ಹುಲ್ಲು ಕೊಳೆಸಿ ಗೊಬ್ಬರ ಮಾಡೋವೂ ಅವೇ. ನೀರು ಇಳಿಸಿ ಗಾಳಿ ಕೊಡಿ, ಮೀಥೇನ್ ಮಾಡೋವು ತೆಪ್ಪಗಾಗ್ತವೆ. ಆ ಮೀಥೇನನ್ನೇ ತಿಂದು ಬದುಕೋ ಇನ್ನೊಂದು ಜಾತಿ ಎದ್ದು ಕೂರತ್ತೆ. ಎಂಥಾ ಜಾಣರು ಅಂತೀನಿ!"

ಅರ್ಸೇನಿಯೋ ದಂಗಾದ. ಹುಟ್ಟಿದಾಗಿನಿಂದ ತುಳಿದ ಕೆಸರಿನಲ್ಲಿ ಇಷ್ಟೊಂದು ಸಂಸಾರವೇ! ಗೊಣಗುತ್ತಲೇ ತೂಬು ಮುಚ್ಚಿದ.

ಎರಡು ದಿನಕ್ಕೆ ಗದ್ದೆಯ ಮೇಲಿನ ನೀರು ಇಂಗಿತು.  ಅರ್ಸೇನಿಯೋ ಗುದ್ದಲಿ ಹಿಡಿದು ತೂಬು ತೆರೆಯಲು ಓಡಿದ. ನೀದಿಯಾ ತೋಳು ಹಿಡಿದು, ತಾನೇ ಗದ್ದೆಯಲ್ಲಿ ಹುಗಿದಿದ್ದ ತೂತು ಕೊರೆದ ಕೊಳವೆಯ ಬಳಿ ಎಳೆದೊಯ್ದಳು.

"ಕೂಗಾಡ್ಬೇಡಿ, ಬಗ್ಗಿ ನೋಡಿ."

ಕೊಳವೆಯ ಒಳಗೆ, ನೆಲಮಟ್ಟದಿಂದ ನಾಲ್ಕು ಬೆರಳು ಕೆಳಗೆ ನೀರು ಮಿನುಗುತ್ತಿತ್ತು.

"ಬೇರಿಗೆ ಸಿಗ್ತಿದೆ ಅಲ್ವೇನೇ!" ಎಂದ ಅವನು.

ದೂರದಲ್ಲಿ ಒತೀಲಿಯಾ ಬದುವಿನ ಮೇಲೆ ನಿಂತು, ತನ್ನ ಗದ್ದೆಗೆ ಹೊರಳುವ ನೀರನ್ನೇ ನೋಡುತ್ತಿದ್ದಳು. ಅರ್ಸೇನಿಯೋಗೆ ನಾಚಿಕೆಯಾಯಿತು. ಗುದ್ದಲಿ ಕೆಳಗಿಟ್ಟ.

ಕೊಯ್ಲಾಯಿತು. ಅವನ ಭತ್ತ ಒಂದು ಮೂಟೆಯೂ ಕಡಿಮೆಯಾಗಲಿಲ್ಲ. ಒತೀಲಿಯಾ ಜೋಳದ ಹಿಟ್ಟಿನ ಬಿಸಿ ಕಡುಬು, ತಮಾಲ್, ಹೊತ್ತು ತಂದಳು. "ತೆನೆ ತುಂಬಾ ಕಾಳು ಕಣೋ!" ಎಂದು ಅತ್ತೇಬಿಟ್ಟಳು.

ಗದ್ದೆ ಮಾಡುವ ಅಣ್ಣಂದಿರೇ, ಅಕ್ಕಂದಿರೇ, ನಾಟಿಯ ಪೈರು ಬೇರೂರಿದ ಮೇಲೆ ನೀವೂ ಒಂದು ತೂತು ಕೊರೆದ ಕೊಳವೆ ಹುಗಿಯಿರಿ. ನೀರು ನೆಲದಿಂದ ಒಂದು ಚೋಟು, ಅಂದರೆ ಸುಮಾರು ಆರು ಅಂಗುಲ, ಕೆಳಗಿಳಿದಾಗ ಮತ್ತೆ ನೀರು ಕಟ್ಟಿ. ತೆನೆ ಹೊರಟು ಹೂ ಬಿಡುವಾಗ ಮಾತ್ರ ನೀರು ನಿಂತಿರಲಿ. ಯೂರಿಯಾ ಅಳತೆ ಮೀರಿ ಎರಚಬೇಡಿ, ಹೆಚ್ಚಾದದ್ದು ಭೂಮಿಯನ್ನು ಬಿಸಿ ಮಾಡುವ ಇನ್ನೊಂದು ಕೆಟ್ಟ ಅನಿಲವಾಗಿ ಹೋಗುತ್ತದೆ. ತೂಬು ತೆರೆಯುವ ಮುನ್ನ ಕೊಳವೆಯೊಳಗೆ ಇಣುಕಿ. ಕಾಲುವೆಯ ಕೊನೆಯಲ್ಲಿ ಯಾರದೋ ತೆನೆ ಆ ನೀರಿಗೆ ಕಾಯುತ್ತಿರುತ್ತದೆ.