ಒಳ್ಳೆ ಮನೆಯ ಬಿಟ್ಟಿ ಊಟ

ಅಜ್ಜಿ ಪೆಂಗ್ ತೀರಿಕೊಂಡ ಮರುದಿನ ಮಧ್ಯಾಹ್ನದ ದೋಣಿಯಲ್ಲಿ ಆ ಬಿಳಿಯ ಬಂದಿಳಿದ. ಬೆನ್ನಿಗೊಂದು ಚೀಲ, ಎದೆಗೊಂದು ಚೀಲ, ನಡುವೆ ಬಡಕಲು ಮನುಷ್ಯ. ತಲೆಯ ಮೇಲೆ ಜಡೆಗಟ್ಟಿದ ಕೂದಲು. ಆರು ವರ್ಷದಿಂದ ಅದು ಬಾಚಣಿಗೆ ಕಂಡಿಲ್ಲವೆಂದು ಆಮೇಲೆ ಅವನೇ ಹೆಮ್ಮೆಯಿಂದ ಹೇಳಿಕೊಂಡ. ಹೆಸರು ಯೋರಿಸ್. ಲಾವೋಸ್ ದೇಶವನ್ನು ಈ ತುದಿಯಿಂದ ಆ ತುದಿಯವರೆಗೆ ಒಬ್ಬನೇ, ಆದಷ್ಟೂ ದುಡ್ಡು ಬಿಚ್ಚದೆ ಸುತ್ತುವುದು ಅವನ ಜೀವನದ ಗುರಿ. ಗುರಿ ದೊಡ್ಡದಿರಬೇಕು ಎನ್ನುತ್ತಾರಲ್ಲ, ಹಾಗೆ. ನದಿ ದಂಡೆಯ ಮೂರು ವಸತಿಗೃಹಗಳಲ್ಲಿ ಚೌಕಾಸಿ ಮಾಡಿ, ಮೂರರಲ್ಲೂ ಬೈಸಿಕೊಂಡು, ಕೊನೆಗೆ ಹಾಡು ಕೇಳಿಸುತ್ತಿದ್ದ, ಬಣ್ಣದ ದೀಪಗಳು ಮಿನುಗುತ್ತಿದ್ದ ಮನೆಯ ಮುಂದೆ ಬಂದು ನಿಂತ.

ಅದು ಅಜ್ಜಿ ಪೆಂಗ್‌ಳ ಮಗಳು ಮಣಿಚನ್‌ಳ ಮನೆ. ನಮ್ಮಲ್ಲಿ ಸಾವಾದ ಮನೆಗೆ ‘ಒಳ್ಳೆ ಮನೆ’ ಎಂದೇ ಹೆಸರು. ಅಲ್ಲಿ ಅಳುವಂತಿಲ್ಲ, ಅತ್ತರೆ ಹೋಗುವವರ ಕಾಲಿಗೆ ಕಣ್ಣೀರು ತೊಡರುತ್ತದೆ. ಹಾಗಾಗಿ ಊರವರೆಲ್ಲ ಬಂದು ಇಸ್ಪೀಟು ಆಡುತ್ತಾರೆ, ಬಿಯರ್ ಕುಡಿಯುತ್ತಾರೆ, ಹೋದವರು ಒಂಟಿಯಾಗಬಾರದೆಂದು ಹೆಣವಿಟ್ಟ ಪೆಟ್ಟಿಗೆಯ ಸುತ್ತ ಚಾಪೆ ಹಾಸಿಕೊಂಡು ಮಲಗುತ್ತಾರೆ. ಬಂದವರನ್ನು ಬೇಡ ಎನ್ನುವ ಮಾತೇ ಇಲ್ಲ. ಯೋರಿಸ್ ಅಂಗಳದಲ್ಲಿ ನಿಂತು ತನಗೆ ಬರುತ್ತಿದ್ದ ಅರೆಬರೆ ಲಾವೋ ಭಾಷೆಯಲ್ಲಿ, “ಮಲಗೋಕೆ ಎಷ್ಟು?” ಎಂದ.

ಇಸ್ಪೀಟು ಹಿಡಿದು ಕೂತಿದ್ದ ಪಕ್ಕದ ಮನೆಯ ಮುದುಕ ಖಮ್‌ಫಾನ್ ತಲೆಯೆತ್ತಿ ನೋಡಿದ. “ದುಡ್ಡಾ? ಈ ಮನೇಲಿ ಯಾರಾದ್ರೂ ದುಡ್ಡು ಕೇಳ್ತಾರೇನೋ? ಊಟ ಆಯ್ತಾ ಹೇಳು ಮೊದ್ಲು.”

ಆಗಿರಲಿಲ್ಲ. ಅವನಿಗೆ ಯಾವತ್ತೂ ಆಗಿರುತ್ತಿರಲಿಲ್ಲ. ಅಂಟಕ್ಕಿಯ ಅನ್ನ, ಕಳಲೆಯ ಸಾರು, ಎಮ್ಮೆ ಮಾಂಸ ಕೊಚ್ಚಿ ಮಾಡಿದ ಲಾಪ್ ಮುಂದೆ ಬಂದವು. ಉಂಡ, ಮತ್ತೆ ಹಾಕಿಸಿಕೊಂಡು ಉಂಡ, ಚಾಪೆಯ ಮೇಲೆ ಉರುಳಿ ಗೊರಕೆ ಹೊಡೆದ. ಮರುದಿನ ಬೆಳಿಗ್ಗೆ ಫೋನು ಎತ್ತಿ ಹಿಡಿದು, ಇಡೀ ಏಷ್ಯಾದಲ್ಲಿ ಇಂಥ ಜನ ಇಲ್ಲ, ಊರ ಹಬ್ಬಕ್ಕೆ ತನ್ನನ್ನೂ ಸೇರಿಸಿಕೊಂಡರು, ನಯಾಪೈಸೆ ಖರ್ಚಿಲ್ಲ ಎಂದು ಲೋಕಕ್ಕೆಲ್ಲ ಸಾರಿದ.

ಮಣಿಚನ್ ಇದನ್ನೆಲ್ಲ ಒಲೆಯ ಮುಂದಿನಿಂದಲೇ ನೋಡಿದಳು. ಬಿಟ್ಟಿ ಉಣ್ಣುವವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಅವಳಿಗೆ ಪುರುಸೊತ್ತಿರಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಒಂದೇ ಚಿಂತೆ, ಅಮ್ಮನ ನೂಲು ಹಿಡಿಯುವವರು ಯಾರು? ಸುಡುವ ದಿನ ಮನೆಯ ಮೊಮ್ಮಗನೊಬ್ಬ ತಲೆ ಬೋಳಿಸಿ, ಒಂದು ದಿನದ ಮಟ್ಟಿಗೆ ಭಿಕ್ಷುವಾಗಿ ದೀಕ್ಷೆ ತಗೊಂಡು, ಪೆಟ್ಟಿಗೆಗೆ ಕಟ್ಟಿದ ಬಿಳಿ ನೂಲಿನ ತುದಿ ಹಿಡಿದು ಮುಂದೆ ನಡೆಯಬೇಕು. ಅವನ ಹಿಂದೆ ನಡೆದರೆ ತೀರಿಕೊಂಡವರಿಗೆ ದಾರಿ ತಪ್ಪುವುದಿಲ್ಲ. ಅಜ್ಜಿ ಪೆಂಗ್ ಹತ್ತು ವರ್ಷದಿಂದ ಇದನ್ನೇ ಹೇಳುತ್ತಿದ್ದಳು. “ನಂಗೆ ಮೊದ್ಲೇ ಮಂಡಿನೋವು. ಅಷ್ಟು ದೂರ ಒಬ್ಳೇ ನಡಿಯೋಕಾಗಲ್ಲ ಕಣೇ. ಯಾರಾದ್ರೂ ಎಳ್ಕೊಂಡು ಹೋಗ್ಬೇಕು.” ಮಣಿಚನ್‌ಗೆ ಮಕ್ಕಳಿಲ್ಲ. ತೀರಿಹೋದ ತಮ್ಮನಿಗೆ ಇದ್ದವನು ಒಬ್ಬನೇ ಮಗ, ತೊಂಗ್‌ಸಾಯ್. ವಿಯಂಟಿಯಾನ್‌ನಲ್ಲಿ ಮೊಬೈಲು ಮಾರುವ ಕೆಲಸ. ಬರುತ್ತೇನೆ ಅತ್ತೆ, ಖಂಡಿತ ಬರುತ್ತೇನೆ ಎಂದಿದ್ದ.

ಮೂರನೆಯ ದಿನ ಪೆಟ್ಟಿಗೆಯ ಸುತ್ತಲಿನ ಬಣ್ಣದ ದೀಪಗಳು ಆರಿಹೋಗಿದ್ದವು. ವಿದ್ಯುತ್ ಹೋಯಿತೇನೋ ಎಂದು ಮಣಿಚನ್ ಬಂದು ನೋಡಿದರೆ, ದೀಪದ ತಂತಿ ಕಿತ್ತು ಆ ಜಾಗಕ್ಕೆ ಯೋರಿಸ್ ತನ್ನ ಫೋನು ಸಿಕ್ಕಿಸಿದ್ದ. ಪಕ್ಕದಲ್ಲೇ ಕೂತು ಅನ್ನದ ಉಂಡೆ ಕಟ್ಟಿ ಬಾಯಿಗಿಡುತ್ತಿದ್ದ.

“ಏ!” ಎಂದಳು ಮಣಿಚನ್. “ಅದು ಏನು ಅಂದ್ಕೊಂಡಿದೀಯ ನೀನು?”

“ದೇವ್ರ ಪೆಟ್ಟಿಗೆ ಅಲ್ವಾ? ತುಂಬ ಚೆನ್ನಾಗಿದೆ.”

“ಅದ್ರಲ್ಲಿರೋದು ನಮ್ಮಮ್ಮ ಕಣೋ!”

ಅನ್ನದ ಉಂಡೆ ಬಾಯಿಯ ಹತ್ತಿರವೇ ನಿಂತಿತು. ಪೆಟ್ಟಿಗೆಯನ್ನು ನೋಡಿದ, ಅದರ ಮುಂದಿನ ಫೋಟೋ ನೋಡಿದ, ಕಳೆದ ಎರಡು ರಾತ್ರಿ ತಾನು ತಲೆಯಿಟ್ಟು ಮಲಗಿದ ಜಾಗವನ್ನು ನೋಡಿದ. ಕಿವಿಯವರೆಗೂ ಕೆಂಪಾದ.

“ಯಾಕೆ ಯಾರೂ ನಂಗೆ ಹೇಳ್ಲಿಲ್ಲ?”

“ನೀನೇನಾದ್ರೂ ಕೇಳಿದ್ಯಾ?” ಖಮ್‌ಫಾನ್ ಇಸ್ಪೀಟಿನ ಎಲೆ ಎಸೆಯುತ್ತಲೇ ಹೇಳಿದ. “ಬಂದಾಗಿಂದ ನೀನು ಕೇಳಿರೋದು ಒಂದೇ ಮಾತು, ಎಷ್ಟು ಅಂತ.”

ಸಂಜೆಯ ದೋಣಿಗೆ ಹೋಗಿಬಿಡುತ್ತಾನೆ, ಪೀಡೆ ತೊಲಗಿತು ಎಂದುಕೊಂಡಳು ಮಣಿಚನ್. ಅವನು ಹೋಗಲಿಲ್ಲ. ದೀಪದ ತಂತಿಯನ್ನು ಮೊದಲಿನಂತೆ ಸಿಕ್ಕಿಸಿ, ಹಿತ್ತಲಿಗೆ ಹೋಗಿ, ಊರಿನ ಅಷ್ಟೂ ಎಂಜಲು ತಟ್ಟೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ತೊಳೆಯತೊಡಗಿದ. ಸರಿಯಾಗಿ ತೊಳೆಯಲೂ ಬರುತ್ತಿರಲಿಲ್ಲ. ಹೆಂಗಸರು ನಕ್ಕು ಅವನ ಹಿಂದೆಯೇ ಎಲ್ಲವನ್ನೂ ಇನ್ನೊಮ್ಮೆ ತೊಳೆದಿಟ್ಟರು.

ನಾಲ್ಕನೆಯ ದಿನ ಬೆಳಿಗ್ಗೆ ತೊಂಗ್‌ಸಾಯ್ ಬಂದ. ಮಾರನೆಯ ದಿನ ಸುಡುವುದೆಂದು ವಿಹಾರದ ಹಿರಿಯ ಭಿಕ್ಷು ನಿಗದಿ ಮಾಡಿದ್ದರು. ಹುಡುಗ ಕೂದಲನ್ನು ಗಾಳಿಗೂ ಅಲ್ಲಾಡದ ಹಾಗೆ ಎಣ್ಣೆಯಂಥದ್ದೇನೋ ಹಾಕಿ ಕೂರಿಸಿದ್ದ. ಅಜ್ಜಿಯ ಫೋಟೋಗೆ ಕೈಮುಗಿದ, ಪೆಟ್ಟಿಗೆಯ ಮುಂದೆ ಊದುಬತ್ತಿ ಹಚ್ಚಿದ, ಅತ್ತೆಯ ಹತ್ತಿರ ಬಂದು ನೆಲ ನೋಡುತ್ತ ನಿಂತ.

“ಅತ್ತೆ, ಮುಂದಿನ ವಾರ ಮದುವೆ ಫೋಟೋ ತೆಗೆಸ್ಬೇಕು. ಸ್ಟುಡಿಯೋಗೆ ಮುಂಗಡ ಕೊಟ್ಟಾಗಿದೆ.”

“ತೆಗೆಸು. ಅದಕ್ಕೇನೀಗ?”

“ತಲೆ ಒಂದಾದ್ರೆ ಟೋಪಿ ಹಾಕ್ಕೋಬಹುದು ಅತ್ತೆ. ಹುಬ್ಬೂ ಬೋಳಿಸ್ತಾರಲ್ಲ! ಹುಬ್ಬಿಲ್ಲದೋನ ಪಕ್ಕ ನಾನು ನಿಲ್ಲಲ್ಲ ಅಂತ ಮದುವೆ ಹುಡುಗಿ ಹಟ ಹಿಡಿದಿದಾಳೆ.”

“ಕೂದ್ಲು ಮತ್ತೆ ಬರುತ್ತೋ. ಅಜ್ಜಿ ಮತ್ತೆ ಸಾಯಲ್ಲ.”

ತೊಂಗ್‌ಸಾಯ್ ಎರಡೂ ಕೈಯಲ್ಲಿ ಒಂದು ಲಕೋಟೆ ಚಾಚಿದ. ನೋಟು ತುಂಬಿದ ದಪ್ಪನೆಯ ಲಕೋಟೆ. ನಗರದಲ್ಲಿ ದುಃಖವನ್ನು ಈಗ ಹೀಗೇ ಕಟ್ಟಿಕೊಡುತ್ತಾರಂತೆ. ಮಣಿಚನ್ ಕೂಡ ಎರಡೂ ಕೈಯಲ್ಲಿ ತಗೊಂಡಳು, ಒಲೆಯ ಮುಂದೆ ಹೋಗಿ ಕೂತಳು. ಅಳುವಂತಿಲ್ಲವಲ್ಲ, ಹಸಿ ಸೌದೆಯ ಹೊಗೆಗೆ ಮುಖ ಒಡ್ಡಿದಳು. ಅಮ್ಮ ಮಂಡಿ ಹಿಡಿದುಕೊಂಡು ಗೊತ್ತಿಲ್ಲದ ದಾರಿಯಲ್ಲಿ ಒಬ್ಬಳೇ ನಿಂತ ಹಾಗೆ ಕಾಣುತ್ತಿತ್ತು.

ಹಿರಿಯ ಭಿಕ್ಷು ಬಂದಾಗ ಖಮ್‌ಫಾನ್‌ನೇ ವಿಷಯ ತೆಗೆದ. ನೂಲು ಹಿಡಿಯುವವನು ಮನೆಯವನೇ ಆಗಬೇಕು ಎಂದರು ಭಿಕ್ಷು.

“ಹಿತ್ತಲಲ್ಲಿ ತಟ್ಟೆ ತೊಳೀತಿದಾನಲ್ಲ, ಅವನನ್ನ ನೋಡಿ ಗುರುಗಳೇ. ಮೂರು ರಾತ್ರಿ ಪೆಂಗ್ ಅಕ್ಕನ ಪಕ್ಕ ಮಲಗಿದಾನೆ. ಈ ಮನೆ ಅನ್ನ ಅವನಷ್ಟು ಯಾರೂ ತಿಂದಿಲ್ಲ. ಮನೆಯವನಾಗೋಕೆ ಇನ್ನೇನು ಬೇಕು?”

“ಆ ಜಿಪುಣನಾ?” ಮಣಿಚನ್ ಒಲೆ ಬಿಟ್ಟು ಎದ್ದೇ ಬಂದಳು. “ಸ್ವರ್ಗದ ಬಾಗಿಲಲ್ಲೂ ಚೌಕಾಸಿಗೆ ನಿಲ್ತಾನೆ ಅವನು!”

“ನಿಲ್ಲಲಿ ಬಿಡೇ. ನಿಮ್ಮಮ್ಮನಿಗೆ ಒಳ್ಳೆ ಜೋಡಿ. ಒಂದು ಕಟ್ಟು ಸೊಪ್ಪಿಗೆ ಸಂತೇಲಿ ಅರ್ಧ ಗಂಟೆ ಜಗಳ ಆಡ್ತಿದ್ಲು.”

ಭಿಕ್ಷು ಹಿತ್ತಲ ಕಡೆ ಇಣುಕಿ ನೋಡಿದರು. “ಜಿಪುಣರಿಗೆ ದೀಕ್ಷೆ ಕೊಡಬಾರದು ಅಂತ ಬುದ್ಧ ಎಲ್ಲೂ ಹೇಳಿಲ್ಲ,” ಎಂದರು ಕೊನೆಗೆ. “ಆದ್ರೆ ಅವನ ತಾಯಿ ಒಪ್ಪಬೇಕು.”

ಯೋರಿಸ್‌ನನ್ನು ಕರೆಸಿ ಮಣಿಚನ್‌ಳೇ ಎಲ್ಲ ಹೇಳಿದಳು. ನೂಲಿನ ವಿಷಯ, ಮಂಡಿಯ ವಿಷಯ, ಅಮ್ಮ ಹತ್ತು ವರ್ಷ ಕಾದ ವಿಷಯ. ಅವನು ಕೇಳಿಸಿಕೊಂಡು, ಅಭ್ಯಾಸಬಲದಿಂದ, “ಎಷ್ಟಾಗುತ್ತೆ?” ಎಂದ.

“ಏನೂ ಇಲ್ಲ,” ಎಂದರು ಭಿಕ್ಷು. “ತಲೆಕೂದಲು ಹೋಗುತ್ತೆ, ಹುಬ್ಬು ಹೋಗುತ್ತೆ. ಮಧ್ಯಾಹ್ನದ ಮೇಲೆ ಊಟ ಇಲ್ಲ. ದುಡ್ಡು ಮುಟ್ಟೋ ಹಾಗಿಲ್ಲ.”

ಅವನು ತನ್ನ ಜಡೆಗಳನ್ನು ಒಮ್ಮೆ ಮುಟ್ಟಿ ನೋಡಿಕೊಂಡ. “ನಂಗೇ ದಾರಿ ಗೊತ್ತಿಲ್ವಲ್ಲ. ಅವರಿಗೆ ಹೇಗೆ ತೋರಿಸ್ಲಿ?”

“ಗೊತ್ತಿರೋರು ಯಾರೂ ವಾಪಸ್ ಬಂದಿಲ್ಲಪ್ಪ. ನೀನು ಸುಮ್ನೆ ಮುಂದೆ ನಡಿ,” ಎಂದರು ಭಿಕ್ಷು.

ಅವನ ತಾಯಿಗೆ ಫೋನು ಹೋಯಿತು. ನಾಲ್ಕು ತಿಂಗಳ ಮೇಲೆ ಮಗನ ಮುಖ ಕಂಡ ಆಕೆ ಮೊದಲು ಕೇಳಿದ್ದು, ಯಾವ ಜೈಲಿನಲ್ಲಿದ್ದೀಯ ಎಂದು. ತಲೆ ಬೋಳಿಸುತ್ತಾರೆಂದು ಗೊತ್ತಾದ ಮೇಲೆ ಮುಂದಿನದನ್ನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ, ಸಂತೋಷದಿಂದ ಒಪ್ಪಿಕೊಂಡಳಂತೆ.

ಮರುದಿನ ಬೆಳಿಗ್ಗೆ ಆರು ವರ್ಷದ ಕೂದಲು ತಾವರೆ ಎಲೆಯ ಮೇಲೆ ಬಿತ್ತು. ಎಲೆ ಸಾಲದೆ ಬುಟ್ಟಿ ತಂದರು. ಭಿಕ್ಷು ಹೇಳಿಕೊಟ್ಟ ಪಾಲಿ ಮಾತುಗಳನ್ನು ಯೋರಿಸ್ ಎಷ್ಟು ಕೆಟ್ಟದಾಗಿ ಹೇಳಿದನೆಂದರೆ ವಿಹಾರದ ನಾಯಿಯೂ ಎದ್ದು ಹೊರಗೆ ಹೋಯಿತು. ಆದರೂ ಕಾವಿ ಕಾವಿಯೇ. ಅದನ್ನು ಉಟ್ಟವನ ಮುಂದೆ ಹೆತ್ತವರೂ ಬಾಗಬೇಕು. ಮಣಿಚನ್ ಮೂರು ಸಲ ಹಣೆಯನ್ನು ನೆಲಕ್ಕೆ ಮುಟ್ಟಿಸಿದಳು. ಕಣ್ಣ ಮುಂದೆ ಇದ್ದದ್ದು ಬಿರುಕುಬಿಟ್ಟ ಎರಡು ಹಿಮ್ಮಡಿ. ತೊಂಗ್‌ಸಾಯ್ ಕೂಡ ಬಾಗಿದ, ಕೂದಲು ಕೆಡದ ಹಾಗೆ ಜೋಪಾನವಾಗಿ.

ಸುಡುವ ಜಾಗ ಗದ್ದೆಗಳಾಚೆ. ಯೋರಿಸ್ ಬರಿಗಾಲಲ್ಲಿ ನೂಲು ಹಿಡಿದು ಮುಂದೆ ನಡೆದ. ಆದರೆ ಅವನ ನಡಿಗೆ ಎಷ್ಟು ನಿಧಾನವೆಂದರೆ ಪೆಟ್ಟಿಗೆ ಹೊತ್ತವರು ಬೆವರಿ ಗೊಣಗಲು ಶುರುಮಾಡಿದರು. ಬಿಸಿಲು ಏರುತ್ತಿತ್ತು.

“ಬೇಗ ನಡಿಯೋ ಮಾರಾಯ, ಭುಜ ಬಿದ್ದೋಗ್ತಿದೆ ಇವ್ರಿಗೆಲ್ಲ!” ಎಂದ ಖಮ್‌ಫಾನ್, ಅವನು ಕಾವಿಯಲ್ಲಿದ್ದಾನೆಂಬುದನ್ನೂ ಮರೆತು.

ಯೋರಿಸ್ ತಿರುಗಿ ನೋಡಲಿಲ್ಲ, ತಿರುಗಬಾರದೆಂದು ಹೇಳಿಕೊಟ್ಟಿದ್ದರು. “ಅಜ್ಜಿಗೆ ಮಂಡಿನೋವು ಅಂದ್ರಲ್ಲ,” ಎಂದ, ಹಾಗೇ ನಿಧಾನಕ್ಕೆ ಹೆಜ್ಜೆ ಇಡುತ್ತ.

ಆಮೇಲೆ ಯಾರೂ ಗೊಣಗಲಿಲ್ಲ. ಮಣಿಚನ್ ಆ ಐದು ದಿನ ಬಿಗಿಹಿಡಿದದ್ದೆಲ್ಲ ಗದ್ದೆಯ ಬದುವಿನ ಮೇಲೆ ಕೈಮೀರಿತು. ಸೆರಗಿನಂತೆ ಹೊದ್ದಿದ್ದ ಬಿಳಿ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು, ಅಮ್ಮನ ಕಾಲಿಗೆ ತೊಡರದಷ್ಟು ಮೆಲ್ಲಗೆ ಅತ್ತಳು.

ಸಂಜೆ ಕಾವಿ ಬಿಟ್ಟು ಬಂದ ಯೋರಿಸ್ ಬೆಂದ ಗೆಣಸಿನಂತಿದ್ದ. ಮನೆಯಲ್ಲಿ ಕೊನೆಯ ಪಂಕ್ತಿ ಕೂತಿತ್ತು, ತೊಂಗ್‌ಸಾಯ್‌ನೂ ಇದ್ದ. ಯೋರಿಸ್ ಸೊಂಟದ ಒಳಚೀಲಕ್ಕೆ ಕೈಹಾಕಿ, ಈ ದೇಶಕ್ಕೆ ಬಂದಾಗಿನಿಂದ ಯಾರೂ ಕಾಣದಿದ್ದ ನೋಟುಗಳನ್ನು ತೆಗೆದು, ಎರಡೂ ಕೈಯಲ್ಲಿ ಮಣಿಚನ್ ಮುಂದೆ ಹಿಡಿದ.

“ಏನಿದು?”

“ಇಷ್ಟು ದಿನ ತಿಂದೆ. ಗೊತ್ತಿರ್ಲಿಲ್ಲ. ತಪ್ಪಾಯ್ತು.”

“ಒಳಗಿಡು.”

“ಇಲ್ಲ, ನೀವು ತಗೋಬೇಕು...”

“ಒಳಗಿಡು ಅಂದೆ! ನಮ್ಮಮ್ಮನ್ನ ಅಲ್ಲೀತನಕ ಕರ್ಕೊಂಡು ಹೋಗಿದೀಯ. ಮನೇಲಿ ಉಂಡು ದುಡ್ಡು ಕೊಡೋದನ್ನ ಯಾವೂರಲ್ಲಿ ಕಲಿತೆ? ನಾಲ್ಕು ಬಾರಿಸ್ತೀನಿ ನೋಡು ಈಗ. ಕೂತ್ಕೋ!”

ಅವನು ದಡಕ್ಕನೆ ಕೂತ. ಅವಳು ಅನ್ನದ ಬುಟ್ಟಿಯನ್ನೇ ಅವನ ಮಡಿಲಿಗೆ ತಳ್ಳಿ, ಸಾರಿನ ಬಟ್ಟಲು ಕುಕ್ಕಿದಳು. “ಬೆಳಗ್ಗಿಂದ ಹೊಟ್ಟೆಗಿಲ್ಲ, ಬಂದ್ಬಿಟ್ಟ ದುಡ್ಡು ಹಿಡ್ಕೊಂಡು. ತಿನ್ನು.”

ಆಮೇಲೆ ತೊಂಗ್‌ಸಾಯ್ ಕಡೆ ತಿರುಗಿದಳು. ಮುಖದ ಮೇಲಿನ ಸಿಟ್ಟೆಲ್ಲ ಹೋಗಿ, ವಸತಿಗೃಹದವರು ಬಂದ ಗಿರಾಕಿಗಳಿಗೆ ತೋರಿಸುವಂಥ ನಗು ಬಂದಿತ್ತು.

“ಇನ್ನೂ ಸ್ವಲ್ಪ ಹಾಕ್ಲಾ? ಸಂಕೋಚ ಮಾಡ್ಕೋಬೇಡಿ,” ಎಂದಳು.

ತೊಂಗ್‌ಸಾಯ್ ತಟ್ಟೆಯಿಂದ ತಲೆ ಎತ್ತಲಿಲ್ಲ.